ಎತ್ತಿದ್ದಾ, ಹೊತ್ತದ್ದಾ?

ಕಳೆದ ವಾರ ಟಿವಿ ಕೊಳ್ಳಲೆಂದು ಕಾಸರಗೋಡಿಗೆ ಹೋಗಿದ್ದೆವು. ಶೋರೂಮಿನ ಮೆಟ್ಟಿಲ ಬುಡದಲ್ಲಿ ಮೊಬೈಲ್ ರಿಪೇರಿಯವನೊಬ್ಬ ಸೋಲ್ಡರ್ ಮಾಡುತ್ತಿದ್ದ. ಬಿಸಿ ಮೊನೆ ರಾಳಕ್ಕೆ ತಾಗಿದಾಗ ಏಳುವ ಆ ಹೊಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಿಂತುಬಿಟ್ಟೆ. ಎಂತಾಯ್ತು ಎಂದು ಗಂಡ ಕೇಳಿದರು. ಏನೂ ಆಗಿರಲಿಲ್ಲ, ರಿಪೇರಿ ಅಕ್ಕ ನೆನಪಾಗಿದ್ದರು... ಅವರು ನೆನಪಾದ ದಿನ ನಾನು ಯಾರ ಮಾತಿಗೂ ಸುಮ್ಮನೆ ತಲೆಯಾಡಿಸುವವಳಲ್ಲ. ಅದು ನಮ್ಮ ಮನೆಯವರಿಗೆಲ್ಲ ಗೊತ್ತು.

ಮುಳ್ಳೇರಿಯದ ಬಸ್ ಸ್ಟ್ಯಾಂಡಿನ ಹತ್ತಿರ, ಸೋಡದ ಅಂಗಡಿಗೂ ಹೊಲಿಗೆಯ ಅಂಗಡಿಗೂ ನಡುವೆ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಕೋಣೆ ಅವರದ್ದು. ಮೊದಲು ಅವರ ಅಪ್ಪ ಅಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರಂತೆ. ಪಕ್ಕದಲ್ಲಿ ಕೂತು ಕಲಿತ ಮಗಳು ಅಪ್ಪ ಹೋದ ಮೇಲೆ ಬಾಗಿಲು ಮುಚ್ಚಲಿಲ್ಲ. ಹತ್ತಿಯ ಸೀರೆ, ಮೂಗಿನ ತುದಿಗೆ ಜಾರಿದ ಕನ್ನಡಕ, ಜಡೆಯಲ್ಲಿ ಸಿಕ್ಕಿಸಿಕೊಂಡ ಟೆಸ್ಟರ್. ಮೊದಲ ಸಲ ಬಂದವರು ಒಳಗೆ ಇಣುಕಿ, ಗಂಡಸರು ಯಾರೂ ಇಲ್ಲವಾ ಎಂದು ಕೇಳುವುದಿತ್ತು. "ಯಾಕೆ, ನಿಮ್ಮ ಟಿವಿಗೆ ಗಂಡಸೇ ಆಗ್ಬೇಕಂತಾ?" ಎನ್ನುತ್ತಿದ್ದರು ಅಕ್ಕ, ತಲೆ ಎತ್ತದೆ.

ಅವರದ್ದೊಂದು ಕಟ್ಟಳೆ ಇತ್ತು. ರಿಪೇರಿ ಆದ ಸೆಟ್ಟನ್ನು ಹಾಗೆಯೇ ಕೊಡುತ್ತಿರಲಿಲ್ಲ. ಏನು ಹಾಳಾಗಿತ್ತು, ಯಾಕೆ ಹಾಳಾಯಿತು ಎಂದು ಮೊದಲು ಹೇಳಿಕೊಡುವುದು. ಆಮೇಲೆ ಕೈಕಟ್ಟಿ ಕೂತು, ಈಗ ನೀವು ಹೇಳಿ ನೋಡುವ, ಎನ್ನುವುದು. ನಮ್ಮ ಬಾಯಿಯಿಂದ, ನಮ್ಮ ಮಾತಿನಲ್ಲಿ ಅದು ಸರಿಯಾಗಿ ಬಂದರೆ, "ಹಾಂ, ಇನ್ನು ತಕೊಂಡು ಹೋಗು" ಎಂಬ ಅಪ್ಪಣೆ. ಬರದಿದ್ದರೆ ಇನ್ನೊಮ್ಮೆ ಪಾಠ. ಬಸ್ಸು ಹೊರಟಿತು ಎಂದು ಗೋಗರೆದರೂ ಕೇಳುವವರಲ್ಲ. ದೊಡ್ಡ ಕುಳವೊಬ್ಬರು ಸಿಟ್ಟು ನೆತ್ತಿಗೇರಿ ಟೇಪ್ ರೆಕಾರ್ಡರನ್ನು ಅಲ್ಲೇ ಬಿಟ್ಟು ಹೋದವರು, ಮೂರನೇ ದಿನ ಬಂದು ಪಾಠ ಒಪ್ಪಿಸಿ ತೆಗೆದುಕೊಂಡು ಹೋದರು. ಅಧಿಕಪ್ರಸಂಗಿ ಹೆಂಗಸು ಎಂದು ಬೈದವರಿಗೆ ಲೆಕ್ಕವಿಲ್ಲ. ಬೈದವರೇ ತಿರುಗಿ ಬರುತ್ತಿದ್ದರು ಅನ್ನಿ.

ಅವರ ಪಾಠದಲ್ಲಿ ದೊಡ್ಡ ಮಾತೇ ಇರುತ್ತಿರಲಿಲ್ಲ. ಟಿವಿಗೆ ಸಿಕ್ಕಿಸುವ ಮೂರು ಬಣ್ಣದ ವೈರು ಹಿಡಿದು ಕಕ್ಕಾಬಿಕ್ಕಿಯಾದ ನನಗೆ, ಹಳದಿ ಕಣ್ಣಿನದ್ದು, ಬಿಳಿ ಎಡಗಿವಿಯದ್ದು, ಕೆಂಪು ಬಲಗಿವಿಯದ್ದು ಎಂದಿದ್ದರು. ಮುಗಿಯಿತಲ್ಲ, ಇನ್ನು ಸತ್ತರೂ ಮರೆಯುವುದಿಲ್ಲ. ಅಗಲದ ಟಿವಿಗಳು ಬಂದ ಹೊಸತರಲ್ಲಿ, ಚಿತ್ರದ ಎರಡೂ ಕಡೆ ಕಪ್ಪು ಪಟ್ಟಿ ಕಾಣುತ್ತದೆ, ದುಡ್ಡು ಕೊಟ್ಟ ಗಾಜು ಪೂರ್ತಿ ತುಂಬಬೇಕು ಎಂದು ಜನ ಜಗಳಕ್ಕೆ ಬರುತ್ತಿದ್ದರು. ಹಳೆಯ ಚಿತ್ರ ಚೌಕ, ಹೊಸ ಗಾಜು ಉದ್ದ, ಎಳೆದು ತುಂಬಿಸಿದರೆ ಮದುಮಗಳ ಮುಖ ಹಲಸಿನ ಹಣ್ಣಿನಷ್ಟು ಅಗಲ ಆಗುತ್ತದೆ, ಆಗಬಹುದಾ, ಎಂದು ಅಕ್ಕ ಕೇಳುತ್ತಿದ್ದರು. ಕೆಲವರು ಆಗಬಹುದು ಎಂದೇ ಹೇಳಿ ಹೋದರು!

ಎಲ್ಲಕ್ಕಿಂತ ಅವರ ಪಿತ್ತ ಕೆರಳಿಸುತ್ತಿದ್ದದ್ದು ಸ್ಪೀಕರ್ ಪೆಟ್ಟಿಗೆಯ ಮೇಲಿನ ವ್ಯಾಟ್. ಅಂಗೈಯಷ್ಟು ಸ್ಪೀಕರು, ಮೇಲೆ ಬರೆದದ್ದು ಸಾವಿರ ವ್ಯಾಟ್. ಆ ಲೆಕ್ಕಕ್ಕೆ ಪಿಎಂಪಿಒ ಎಂದು ಹೆಸರು. ಐವತ್ತು ಕಿಲೋದ ಅಕ್ಕಿ ಮೂಟೆಯನ್ನು ಒಂದು ಗಳಿಗೆ ನೆಲದಿಂದ ಎತ್ತಿ ತೋರಿಸಲು ಯಾರಿಗೂ ಆಗುತ್ತದೆ, ಅದು ಪಿಎಂಪಿಒ. ಅದೇ ಮೂಟೆಯನ್ನು ಗುಡ್ಡೆ ಹತ್ತಿ ಮನೆಯವರೆಗೆ ಹೊರುತ್ತೀಯಾ, ಅದು ಆರ್‌ಎಂಎಸ್. ಕೊಳ್ಳುವಾಗ ಒಂದೇ ಮಾತು ಕೇಳಬೇಕು, ಇದು ಎತ್ತಿದ್ದಾ, ಹೊತ್ತದ್ದಾ ಎಂದು. ಹೀಗೆ ಹೇಳಿಕೊಟ್ಟಿದ್ದರು ಅಕ್ಕ. ಮುಳ್ಳೇರಿಯದಲ್ಲಿ ಒಂದು ಕಾಲಕ್ಕೆ ಎಲ್ಲರೂ ಹೀಗೆಯೇ ಕೇಳುತ್ತಿದ್ದರು.

ನಾನು ಪೈವಳಿಕೆಯಿಂದ ಮುಳ್ಳೇರಿಯಕ್ಕೆ ಸೊಸೆಯಾಗಿ ಬಂದವಳು. ಬಂದ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಆದರೆ ನಾನು ಏನು ಕೇಳಿದರೂ, ನಿನಗೆ ಅದೆಲ್ಲ ಗೊತ್ತಾಗಲಿಕ್ಕಿಲ್ಲ ಎಂಬ ಉತ್ತರ ತಯಾರಿರುತ್ತಿತ್ತು. ಫ್ಯೂಸ್ ಹೋದರೂ ಅದೇ, ಬ್ಯಾಂಕಿನ ಕಾಗದ ಬಂದರೂ ಅದೇ. ಒಳಗೊಳಗೇ ಕುದಿಯುತ್ತಿತ್ತು ನನಗೆ.

ಹಾಗಿರುವಾಗ ಗಲ್ಫಿನಲ್ಲಿದ್ದ ಭಾವ, ಅಂದರೆ ನನ್ನ ಗಂಡನ ಅಣ್ಣ, ರಜೆಗೆ ಬರುವಾಗ ಒಂದು ಹೋಮ್ ಥಿಯೇಟರ್ ತಂದರು. ಐದು ಸಣ್ಣ ಪೆಟ್ಟಿಗೆ, ಗುಮ್ ಎನ್ನಲಿಕ್ಕೆ ಒಂದು ದಪ್ಪದ್ದು. ಹಲಸಿನ ಹಣ್ಣು ಕೊಯ್ದರೂ ಎಲ್ಲರಿಗೂ ಪಾಲು ಹಾಕುವ ಮನೆ ನಮ್ಮದು. ಐದೂ ಪೆಟ್ಟಿಗೆ ಟಿವಿ ಇರುವ ಚಾವಡಿಯಲ್ಲೇ ಯಾಕೆ, ಎಲ್ಲರೂ ಕೇಳಲಿ ಎಂದು ಭಾವ ಉದ್ದುದ್ದ ವೈರು ಎಳೆದು ಪಾಲು ಮಾಡಿದರು. ಟಿವಿಯ ಎಡ ಬಲಕ್ಕೆ ಒಂದೊಂದು, ಜಗಲಿಗೆ ಒಂದು, ಮಾಳಿಗೆಗೆ ಒಂದು. ದಪ್ಪದ್ದು ಚಾವಡಿಯಲ್ಲೇ ಉಳಿಯಿತು. ಅಡ್ಡಕ್ಕೆ ಉದ್ದವಾಗಿದ್ದ ಇನ್ನೊಂದು ಪೆಟ್ಟಿಗೆ ಅಡುಗೆಮನೆಯ ಸಂಬಾರ ಡಬ್ಬಿಗಳ ಮೇಲಿನ ಹಲಗೆಗೆ ಸರಿಯಾಗಿ ಕೂತಿತು. ನನಗೆ ಖುಷಿಯೇ ಆಯಿತು. ದೋಸೆ ಹೊಯ್ಯುತ್ತಾ ಕೇಳಬಹುದಲ್ಲ!

ಅದಾಗಿ ತಿಂಗಳೊಳಗೆ ಮಾವನ ಕಿವಿ ಹೋಯಿತು ಎಂದು ತೀರ್ಮಾನವಾಯಿತು. ಚಾವಡಿಯಲ್ಲಿ ಟಿವಿಯ ಎದುರೇ ಕೂತವರು, ಇವರೆಲ್ಲ ಎಂತ ಹೇಳ್ತಾರೆ, ಎಂದು ಮತ್ತೆ ಮತ್ತೆ ಕೇಳುವರು. ಅಡುಗೆಮನೆಗೆ ತಾಗಿದ ಊಟದ ಮೇಜಿನ ಹತ್ತಿರ ಕೂರುವ ನಮಗೆಲ್ಲ ಕೇಳುತ್ತಿತ್ತು, ಅವರಿಗೊಬ್ಬರಿಗೆ ಇಲ್ಲ. ವಯಸ್ಸು ಎಪ್ಪತ್ತು ದಾಟಿತ್ತು, ಮತ್ತೇನು ಬೇಕು ಸಾಕ್ಷಿಗೆ? ಮನೆಯವರೆಲ್ಲ ಅವರೊಡನೆ ಕಿರುಚಿ ಮಾತಾಡತೊಡಗಿದರು. ಕಿರುಚಿ ಕಿರುಚಿ, ಕಿವಿ ಹೋಯಿತೆಂದು ಅವರೂ ನಂಬಿ ಎಲ್ಲದಕ್ಕೂ ಆಂ, ಆಂ ಎನ್ನತೊಡಗಿದರು.

ಮಾವ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ವೇಷವಿಲ್ಲ, ಕುಣಿತವಿಲ್ಲ, ಎದುರೆದುರು ಕೂತು ಪಾತ್ರವಾಗಿ ಮಾತಾಡುವುದು. ಎದುರಿನವರ ಮಾತಿನ ಎಳೆ ಹಿಡಿದೇ ಉತ್ತರ ಕಟ್ಟಬೇಕು. ಮೂವತ್ತು ವರ್ಷದಿಂದ ಊರಿನ ಸಂಘದ ವರ್ಷದ ಕೂಟದಲ್ಲಿ ಅವರಿಗೆ ಒಂದು ಪಾತ್ರ ಇದ್ದದ್ದೇ. ಆ ವರ್ಷ ಅವರು ತಾನು ಕೂರುವುದಿಲ್ಲವೆಂದು ಸಂಘಕ್ಕೆ ಹೇಳಿ ಕಳಿಸಿದರು. ಎದುರಿನವನ ಮಾತು ಕೇಳದೆ ಉತ್ತರ ಹೇಳಿದರೆ ನಾಲ್ಕು ಜನ ನಗುತ್ತಾರೆ ಎಂದರು. ಹೇಳಿ, ಜಗಲಿಯ ಮೂಲೆಯಲ್ಲಿ ಗೋಡೆ ನೋಡುತ್ತಾ ಕೂತರು. ಆ ಮನೆಯಲ್ಲಿ ನನ್ನನ್ನು ಕೂರಿಸಿ ಪ್ರಸಂಗದ ಪದ್ಯ ಓದಿಸಿದವರು ಅವರೊಬ್ಬರೇ.

ಅದೇ ವಾರ ನಾನು ಅಕ್ಕನ ಅಂಗಡಿಗೆ ಹೋದದ್ದು ಬೇರೆಯೇ ದೂರು ಹಿಡಿದುಕೊಂಡು. ಅಡುಗೆಮನೆಯ ಪೆಟ್ಟಿಗೆ ಹಾಳಾಗಿದೆ, ಅದರಲ್ಲಿ ಬರೀ ಮಾತು ಬರುತ್ತದೆ, ಹಿನ್ನೆಲೆಯ ವಾದ್ಯ ಒಂದೂ ಸರಿಯಾಗಿ ಬರುವುದಿಲ್ಲ ಎಂದೆ. ಅಕ್ಕ ಸೋಲ್ಡರ್ ಕಡ್ಡಿ ಕೆಳಗಿಟ್ಟರು. ಚಾವಡಿಯಲ್ಲಿ ಯಾರು ಕೂರುವುದು ಎಂದು ಕೇಳಿದರು. ಮಾವ ಎಂದೆ. ಅವರಿಗೆ ಎಂತ ಕೇಳುತ್ತದೆ ಎಂದರು. ಏನೂ ಇಲ್ಲ ಅಕ್ಕ, ಅವರ ಕಿವಿ ಹೋಗಿದೆ, ಎಂದೆ. ಅಕ್ಕ ನನ್ನನ್ನು ನೋಡಿದ ಆ ನೋಟ...

"ಮಾರಾಯ್ತಿ, ಕಿವಿ ಹೋದದ್ದಲ್ಲ. ಮಾತನ್ನು ನೀವು ಅಡುಗೆಮನೆಗೆ ಸಾಗಿಸಿದ್ದೀರಿ."

ಅಂದೇ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಆಟೋದಲ್ಲಿ ನನ್ನ ಜೊತೆಗೆ ಬಂದರು. ಮನೆಯಲ್ಲಿ ಎಲ್ಲರೂ ಇದ್ದರು. ಯಾರನ್ನೂ ಕೇಳದೆ ಅಡುಗೆಮನೆಯ ಪೆಟ್ಟಿಗೆಯನ್ನು ವೈರಿನ ಸಮೇತ ತಂದು ಟಿವಿಯ ಕೆಳಗೆ ನಡುವಿಗೆ ಇಟ್ಟರು. ಮಾವನನ್ನು ಜಗಲಿಯಿಂದ ಕರೆಸಿ ಎದುರು ಕೂರಿಸಿದರು. ಟಿವಿ ಹಾಕಿದ ಕೂಡಲೇ ಮಾವ ಕುರ್ಚಿಯಿಂದ ಮುಂದೆ ಬಾಗಿದರು. ಟಿವಿಯಲ್ಲಿದ್ದವನನ್ನು ತೋರಿಸಿ, ಇವನು ಮಾತಾಡುತ್ತಾನಲ್ಲ, ಎಂದರು.

ಭಾವನಿಗೆ ಮುಖಭಂಗವಾಯಿತು. ಗಲ್ಫಿನ ದೊಡ್ಡ ದೊಡ್ಡ ಮನೆಗಳಲ್ಲಿ ತಾನು ನೋಡಿದ್ದೇನೆ, ಮೂಲೆ ಮೂಲೆಗೆ ಇಡುವುದೇ ಕ್ರಮ ಎಂದು ಸ್ವರ ಏರಿಸಿದರು. ಅಕ್ಕ ಉತ್ತರ ಕೊಡಬಹುದಿತ್ತು. ಕೊಡಲಿಲ್ಲ. ಕೈಕಟ್ಟಿ ನಿಂತು ನನ್ನ ಕಡೆ ತಿರುಗಿ, "ಆಟೋದಲ್ಲಿ ಹೇಳಿಕೊಟ್ಟೆನಲ್ಲ, ಈಗ ನೀನು ಹೇಳಿ ನೋಡುವ" ಎಂದರು.

ಆ ಚಾವಡಿಯಲ್ಲಿ ನಾನು ಅದುವರೆಗೆ ಊಟಕ್ಕೆ ಕರೆಯುವುದು ಬಿಟ್ಟು ಬೇರೆ ಮಾತಾಡಿದವಳಲ್ಲ. ಆದರೂ ಹೇಳಿದೆ. ಇದಕ್ಕೆ ಫೈವ್ ಪಾಯಿಂಟ್ ವನ್ ಎಂದು ಹೆಸರು. ಐದು ಪೆಟ್ಟಿಗೆ ಐದು, ಗುಮ್ ಎನ್ನುವುದು ಪಾಯಿಂಟ್ ವನ್. ಐದರಲ್ಲೂ ಒಂದೇ ಶಬ್ದ ಬರುವುದಲ್ಲ. ಎದುರಿನ ಎರಡರಲ್ಲಿ ಮುಖ್ಯವಾಗಿ ಹಾಡು, ವಾದ್ಯ. ಬೆನ್ನ ಹಿಂದಿನ ಎರಡರಲ್ಲಿ ಮಳೆ, ಹಕ್ಕಿ, ಚಪ್ಪಾಳೆ. ಮನುಷ್ಯರ ಮಾತು ಹೆಚ್ಚಾಗಿ ಬರುವುದು ಈ ನಡುವಿನ ಪೆಟ್ಟಿಗೆಯಲ್ಲಿ. ಐದೂ ಸೇರಿ ಒಬ್ಬರ ಸುತ್ತ ಇರಬೇಕು. ನಾವು ಪಾಲು ಹಾಕಿದೆವು. ಮಾತು ನನ್ನ ಪಾಲಿಗೆ ಬಂತು, ಮಾವನಿಗೆ ಬರೀ ವಾದ್ಯ, ಗುಮ್ ಗುಮ್. ಮಾವನ ಕಿವಿ ಅಲ್ಲ ತಪ್ಪಿದ್ದು, ಪೆಟ್ಟಿಗೆ ಇಟ್ಟ ಜಾಗ ತಪ್ಪಿದ್ದು.

ನಾನು ಕಿರುಚಿ ಹೇಳಿದ್ದಲ್ಲ. ಹೆದರಿ ಹೆದರಿ, ಸಣ್ಣ ಸ್ವರದಲ್ಲೇ ಹೇಳಿದ್ದು. ಆಗ ಮಾವ ಭಾವನ ಕಡೆ ತಿರುಗಿದರು.

"ಇವಳು ಹೇಳಿದ್ದು ಅಷ್ಟೂ ನನಗೆ ಕೇಳಿತು. ನಿನಗೆ ಕೇಳಿತಾ?"

ಮರುದಿನ ಬೆಳಿಗ್ಗೆ ಸಂಘಕ್ಕೆ ಮತ್ತೆ ಜನ ಹೋಯಿತು. ಮಾವ ಆ ವರ್ಷ ಅರ್ಥ ಹೇಳಿದರು, ಆಮೇಲೆ ಇನ್ನೂ ಆರು ವರ್ಷ ಹೇಳಿದರು. ಕಿವಿ ಸ್ವಲ್ಪ ಮಂದವೇ ಇತ್ತು, ಅಕ್ಕ ಅದನ್ನೂ ಮುಚ್ಚಿಡದೆ ಅವರ ಎದುರೇ ಹೇಳಿದ್ದರು. ಮಂದ ಬೇರೆ, ಕಿವುಡು ಬೇರೆ. ಆ ವರ್ಷದ ಕೂಟಕ್ಕೆ ಅಕ್ಕ ಬಂದು ಎದುರು ಸಾಲಿನಲ್ಲೇ ಕೂತಿದ್ದರು, ಮೈಕಿನವನ ಕೆಲಸದಲ್ಲಿ ತಪ್ಪು ಹುಡುಕುತ್ತಾ. ಆ ದಿನದ ನಂತರ ಮನೆಯಲ್ಲಿ ಯಾರೂ ನನಗೆ ಆ ಹಳೆಯ ಉತ್ತರ ಕೊಟ್ಟಿಲ್ಲ. ಕೊಟ್ಟರೆ ನಾನು ಬಿಡಬೇಕಲ್ಲ!

ಈಗ ಮಾವನೂ ಇಲ್ಲ. ಅಕ್ಕ ಹೋದದ್ದು ನಾನು ತವರಿಗೆ ಹೋಗಿದ್ದಾಗ. ಎರಡು ದಿನ ಕಳೆದು ಗೊತ್ತಾಯಿತು, ಮುಖ ನೋಡಲೂ ಸಿಗಲಿಲ್ಲ. ಆ ಬೇಸರ ಇವತ್ತಿಗೂ ಹೋಗಿಲ್ಲ.

ಅದೆಲ್ಲ ತಲೆಯಲ್ಲಿ ತುಂಬಿಕೊಂಡೇ ಶೋರೂಮಿನ ಮೆಟ್ಟಿಲು ಹತ್ತಿದೆ. ಟಿವಿ ಆರಿಸಿದ್ದಾಯಿತು. ಜೊತೆಗೆ ಅದರ ಕೆಳಗಿಡುವ ಸೌಂಡ್‌ಬಾರ್ ಎಂಬ ಉದ್ದನೆಯ ಸ್ಪೀಕರು. ಪೆಟ್ಟಿಗೆಯ ಮೇಲೆ ವ್ಯಾಟಿನ ಅಂಕಿ ನನ್ನ ಅಂಗೈಗಿಂತ ದೊಡ್ಡದಾಗಿತ್ತು. ಇದು ಎತ್ತಿದ್ದಾ, ಹೊತ್ತದ್ದಾ, ಎಂದು ಕೇಳಿದೆ. ಮಾರುವವನು ಕಣ್ಣು ಕಣ್ಣು ಬಿಟ್ಟ. ಬಿಡಿಸಿ ಕೇಳಿದರೆ, "ಅದೆಲ್ಲ ಟೆಕ್ನಿಕಲ್ ಮೇಡಂ, ನಿಮಗೆ ಯಾಕೆ? ಸೌಂಡ್ ಸೂಪರ್ ಉಂಟು" ಎಂದ. ಗಂಡ ಮೆಲ್ಲನೆ ಪಕ್ಕಕ್ಕೆ ಸರಿದು ನಿಂತರು, ಪಾಪ, ಮುಂದೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು.

ನಾನು ಕುರ್ಚಿ ಎಳೆದು ಕೂತೆ. ಒಳಗಿರುವ ಪುಸ್ತಕ ತನ್ನಿ, ಓದುವ, ಎಂದೆ. ತಂದ. ಕೊನೆಯ ಹಾಳೆಯ ಇರುವೆಯಂಥ ಅಕ್ಷರದಲ್ಲಿ ಹೊರುವ ಲೆಕ್ಕ ಸಿಕ್ಕಿತು, ಮೇಲಿನ ಅಂಕಿಯ ಕಾಲುಪಾಲೂ ಇರಲಿಲ್ಲ. ಅದನ್ನು ಬಿಟ್ಟು ಅಷ್ಟೇ ಹೊರುವ, ಡಂಗುರ ಸಾರದ ಇನ್ನೊಂದನ್ನು ತೆಗೆಸಿದೆ. ಅದರ ಮೇಲೆ ಎಆರ್‌ಸಿ ಎಂದಿತ್ತು. ಅದೇನೆಂದು ಅವನಿಂದಲೇ ಹೇಳಿಸಿದೆ. ಫೋನು ನೋಡಿ, ಇನ್ನೊಬ್ಬನನ್ನು ಕೇಳಿ, ಅಂತೂ ಹೇಳಿದ. ಒಂದು ಗಂಟೆ ಹಿಡಿಯಿತು. ಹಿಡಿಯಲಿ.

ಟಿವಿಯನ್ನು ಅವರ ವ್ಯಾನಿನಲ್ಲಿ ಕಳಿಸುತ್ತಾರಂತೆ. ಸೌಂಡ್‌ಬಾರಿನ ಪೆಟ್ಟಿಗೆ ಹಿಡಿದುಕೊಂಡು ನಾವು ಮುಳ್ಳೇರಿಯದಲ್ಲಿ ಬಸ್ಸಿಳಿದೆವು. ಅಕ್ಕನ ಕೋಣೆಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ, ಅಂದು ಬಾಗಿಲು ಹಾಕಿತ್ತು. ಗಂಡ ಆಟೋ ಹುಡುಕಲು ಹೋದರು. ನಾನು ಆ ಬಾಗಿಲ ಎದುರು ಪೆಟ್ಟಿಗೆ ಕೆಳಗಿಟ್ಟು, ನಾಲ್ಕು ಜನಕ್ಕೆ ಕೇಳುವ ಸ್ವರದಲ್ಲೇ ಹೇಳಿದೆ. ಅಕ್ಕ, ಇದು ಎತ್ತಿದ್ದಲ್ಲ, ಹೊತ್ತದ್ದೇ, ಪುಸ್ತಕ ನೋಡಿದ್ದೇನೆ. ಎಆರ್‌ಸಿ ಎಂದರೆ ಟಿವಿಗೆ ಚಿತ್ರ ಹೋಗುವ ವೈರಿನಲ್ಲೇ ಶಬ್ದ ಹಿಂದೆ ಬರುವುದು, ಅದಕ್ಕೆ ಬೇರೆ ವೈರು ಬೇಡ. ಇದನ್ನು ಇಡುವುದು ಟಿವಿಯ ಕೆಳಗೆ ನಡುವಿನಲ್ಲಿ, ಅಡುಗೆಮನೆಯಲ್ಲಿ ಅಲ್ಲ.

ಸೋಡದ ಅಂಗಡಿಯಲ್ಲಿ ನಿಂತವರು ತಿರುಗಿ ನೋಡಿದರು. ನೋಡಲಿ. ಹೇಳಿ ಮುಗಿಸಿ ಸ್ವಲ್ಪ ಹೊತ್ತು ಕಾದೆ... ಅಪ್ಪಣೆ ಕೊಡುವವರು ಇರಲಿಲ್ಲ. ಹಾಂ, ಇನ್ನು ತಕೊಂಡು ಹೋಗು, ಎಂದು ನಾನೇ ಹೇಳಿಕೊಂಡು ಪೆಟ್ಟಿಗೆ ಹೊತ್ತುಕೊಂಡು ಗಂಡ ತಂದ ಆಟೋದತ್ತ ಹೊರಟೆ.