ನಾಲಿಗೆಯ ಬುಡದಲ್ಲಿ ಇದ್ದದ್ದು

ನನ್ನ ಬಾಯಿ ವಾಸನೆಯ ವಿಷಯ ನನ್ನೊಬ್ಬಳನ್ನು ಬಿಟ್ಟು ನಮ್ಮ ಭಜನಾ ಮಂಡಳಿಯ ಎಲ್ಲರಿಗೂ ಗೊತ್ತಿತ್ತು. ಎಷ್ಟು ಕಾಲದಿಂದ ಗೊತ್ತಿತ್ತು ಎಂದು ನೆನೆಯಲು ಹೋದರೆ ಇಂದಿಗೂ ಮೈ ಉರಿಯುತ್ತದೆ.

ಡೊಂಬಿವಲಿಯಲ್ಲಿರುವ ಉಡುಪಿ, ಕಾರ್ಕಳ ಕಡೆಯ ಹೆಂಗಸರ ಮಂಡಳಿ ಅದು. ಕೆಲವರ ಗಂಡಂದಿರದ್ದು ಹೋಟೆಲು, ಕೆಲವರದ್ದು ನೌಕರಿ. ನಾನು ಠಾಣೆಯ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆ. ಶನಿವಾರ ಸಂಜೆ ಸೊಸೈಟಿಯ ಹಾಲ್‌ನಲ್ಲಿ ಭಜನೆ. ಹಾಡು ಎತ್ತಿಕೊಡುವವಳು ನಾನು. ಅಂದರೆ ಮೊದಲು ಸಾಲು ನಾನು ಹೇಳಬೇಕು, ಉಳಿದವರು ಅದನ್ನೇ ಮರಳಿ ಹೇಳಬೇಕು. ವಾರವಿಡೀ ಬೇರೆಯವರು ಹೇಳಿದ್ದನ್ನು ಟೈಪು ಮಾಡುವವಳ ಮಾತನ್ನು ಶನಿವಾರ ಎರಡು ಗಂಟೆ ಕಾಲ ಇಪ್ಪತ್ತು ಜನ ಹಿಂಬಾಲಿಸುತ್ತಿದ್ದರು. ನನಗೆ ಬದುಕಿನಲ್ಲಿ ಇದ್ದ ಒಂದೇ ಹೆಮ್ಮೆ ಅದು.

ಅದಕ್ಕಾಗಿ ನಾನೇ ಒಂದು ನೇಮ ಹಿಡಿದಿದ್ದೆ. ಶನಿವಾರ ಬೆಳಿಗ್ಗೆ ಎದ್ದಾಗಿನಿಂದ ಮಂಗಳಾರತಿ ಆಗುವ ತನಕ ಊಟವಿಲ್ಲ, ಹನಿ ನೀರೂ ಇಲ್ಲ. ದೇವರ ಹೆಸರು ಹೇಳುವ ಬಾಯಿ ಶುದ್ಧವಾಗಿರಬೇಕು ಎಂಬುದು ನನ್ನ ನಂಬಿಕೆ. ಉಳಿದವರು ಚಹಾ ಕುಡಿದು, ಚಿವ್ಡಾ ತಿಂದು, ಸೆರಗಲ್ಲಿ ಬಾಯಿ ಒರೆಸಿಕೊಂಡು ಬಂದು ಕೂರುತ್ತಿದ್ದರು. ಅವರನ್ನು ಒಳಗೊಳಗೇ ಕೀಳಾಗಿ ನೋಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಅಧ್ಯಕ್ಷೆ ಒಂದು ದಿನ ನನಗೊಂದು ಮೈಕು ತಂದುಕೊಟ್ಟರು. ಹಿಡಿಗೆ ಕೆಂಪು ದಾರ ಸುತ್ತಿತ್ತು. "ಇದು ನಿನಗೆ ಅಂತಲೇ. ಎತ್ತಿಕೊಡುವವಳಿಗೆ ಅಷ್ಟು ಮರ್ಯಾದೆ ಬೇಡವಾ ಮಾರಾಯ್ತಿ?" ಎಂದರು. ಮನೆಗೆ ಹೋಗಿ ಗಂಡನ ಮುಂದೆ ಜಂಬ ಕೊಚ್ಚಿದೆ. ಕೆಲವು ವಾರ ಕಳೆದ ಮೇಲೆ, "ನೀನು ಗೋಡೆ ಹತ್ರ ಕೂತ್ಕೊ, ಅಲ್ಲಿಂದ ಸೌಂಡ್ ಚಂದ ಬರ್ತದೆ" ಎಂದರು. ಅದನ್ನೂ ನಂಬಿದೆ. ಕೊನೆಗೆ, "ನಿನ್ನ ಸ್ವರಕ್ಕೆ ಸ್ವಲ್ಪ ರೆಸ್ಟ್ ಬೇಕು, ಇನ್ನು ನಾನೇ ಎತ್ತಿಕೊಡ್ತೇನೆ" ಎಂದು ನನ್ನ ಜಾಗದಲ್ಲಿ ತಾವೇ ಕೂತರು. ಅವರ ಸ್ವರವೋ, ಮೇಲಕ್ಕೆ ಹೋದರೆ ಒಡೆಯುತ್ತಿತ್ತು. ಆದರೂ ಎಲ್ಲರೂ ಅವರನ್ನೇ ಹಿಂಬಾಲಿಸಿದರು. ನಾನೂ ಗೋಡೆಗೆ ಒರಗಿ ತಾಳ ತಟ್ಟಿದೆ.

ಅದೇ ಸಂಜೆ ನನ್ನ ಮೈಕನ್ನು ಉಳಿದ ಮೈಕುಗಳ ಪೆಟ್ಟಿಗೆಗೆ ಹಾಕಿದೆ. ಧ್ವನಿವರ್ಧಕದ ಕೆಲಸಕ್ಕೆ ಕೋಪರಿಯಿಂದ ಬರುತ್ತಿದ್ದ ಮರಾಠಿ ಮುದುಕರು ಅವಸರವಾಗಿ ಅದನ್ನು ಹೊರತೆಗೆದು ಬೇರೆ ಚೀಲಕ್ಕೆ ಹಾಕಿದರು.

"ವಹಿನಿ, ತೋ ಮಾಯಿಕ್ ಫಕ್ತ ತುಮಚಾ," ಎಂದರು. ಆ ಮೈಕು ನಿಮಗೆ ಮಾತ್ರ ಎಂದು. ಯಾಕೆ ನನ್ನದೊಂದೇ ಬೇರೆ ಎಂದು ಕೇಳಿದೆ. ಅವರು ಮೈಕಿನ ಮೂತಿಯ ಸ್ಪಂಜನ್ನು ಹಿಂಡುತ್ತ, ನೆಲ ನೋಡುತ್ತ, "ಬಾಯಿ ಮ್ಹಣಾಲ್ಯಾ, ವಾಸ್ ಯೇತೊ," ಎಂದರು. ವಾಸನೆ ಬರುತ್ತದೆ ಎಂದು ಬಾಯಿ, ಅಂದರೆ ಅಧ್ಯಕ್ಷೆ, ಹೇಳಿದ್ದರಂತೆ.

ಆ ಮುದುಕರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಿಜ ಹೇಳಿದವರು ಅವರೊಬ್ಬರೇ.

ಡೊಂಬಿವಲಿಯ ದಂತವೈದ್ಯರ ಬಳಿಗೆ ಹೋದರೆ ಪರಿಚಯದವರು ಯಾರಾದರೂ ನೋಡುತ್ತಾರೆಂದು ಘಣಸೋಲಿಯಲ್ಲಿ ಒಬ್ಬರನ್ನು ಹುಡುಕಿದೆ. ಠಾಣೆಯಲ್ಲಿ ಗಾಡಿ ಬದಲಿಸಿ, ಲೋಕಲ್‌ನಲ್ಲಿ ಯಾರ ಕಡೆಗೂ ಮುಖ ಮಾಡದೆ, ತುಟಿ ಬಿಗಿಹಿಡಿದು ನಿಂತು ಹೋದೆ. ಡಾಕ್ಟರಮ್ಮ ಧಾರವಾಡದ ಕಡೆಯವರೆಂದು ಗೊತ್ತಾಗುವಷ್ಟರಲ್ಲಿ ನಾನು ಕುರ್ಚಿಯ ಮೇಲೆ ಬಾಯಿ ತೆರೆದು ಮಲಗಿಯಾಗಿತ್ತು.

"ಹಲ್ಲು ಛಲೋ ಅದಾವ ರೀ," ಎಂದ ಅವರು ಒಂದು ಪ್ಲಾಸ್ಟಿಕ್ ಚಮಚದಿಂದ ನಾಲಿಗೆಯ ಹಿಂಭಾಗವನ್ನು ಕೆರೆದು ಚಮಚವನ್ನು ನನ್ನ ಮೂಗಿನ ಬಳಿ ಹಿಡಿದರು. ಕೊಳೆತ ಮೊಟ್ಟೆಯ ವಾಸನೆ. ನನ್ನದೇ ಎಂದು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

"ನೀವು ಟಂಗ್ ಕ್ಲೀನರ್ ಮುಂದಷ್ಟ ಎಳೀತೀರಿ, ವಾಂತಿ ಬಂದಂಗ ಆಗತೈತಂತ ಹಿಂದ ಹೋಗಂಗಿಲ್ಲ. ಬ್ಯಾಕ್ಟೀರಿಯಾ ಅಲ್ಲೇ ಸಂಸಾರ ಹೂಡ್ಯಾವ. ಗಾಳಿ ಸೋಕದ ಜಾಗಾ ಬೇಕು ಅವಕ್ಕ. ಬಾಯಾಗಿನ ಕೊಳಿ ತಿಂತಾವ, ಗ್ಯಾಸ್ ಬಿಡ್ತಾವ." ಆಮೇಲೆ ಕೇಳಿದರು, "ಉಪವಾಸ ಏನರೆ ಮಾಡ್ತೀರೇನು?"

ಶನಿವಾರ ನೀರೂ ಕುಡಿಯುವುದಿಲ್ಲ ಎಂದೆ. ಅವರು ನಕ್ಕುಬಿಟ್ಟರು.

"ಅವತ್ತು ಅವಕ್ಕ ಹಬ್ಬ ನೋಡ್ರಿ. ಉಗುಳು ಇದ್ರ ತೊಳಕೊಂಡು ಹೋಗ್ತಾವ. ನೀವು ನೀರ ಬಂದ್ ಮಾಡೀರಿ."

ನನ್ನ ಶುದ್ಧಿಯೇ ನನಗೆ ಮುಳುವಾಗಿತ್ತು. ಚಹಾ, ಚಿವ್ಡಾದವರ ಬಾಯಿ ಸರಿ ಇತ್ತು, ನನ್ನದು ನಾರುತ್ತಿತ್ತು. ಅಳು ಬಂತು. ಅಳು ನಿಂತ ಮೇಲೆ ಬಂದದ್ದು ಬರೀ ಸಿಟ್ಟು. ಇಪ್ಪತ್ತು ಹೆಂಗಸರಲ್ಲಿ ಒಬ್ಬಳಾದರೂ ಕಿವಿಯಲ್ಲಿ ಹೇಳಬಹುದಿತ್ತಲ್ಲ? ಅಧ್ಯಕ್ಷೆ ಕೆಂಪು ದಾರ ಸುತ್ತುವ ಬದಲು ಒಂದು ಮಾತು ಹೇಳಿದ್ದರೆ ಅವರ ಗಂಟು ಏನು ಹೋಗುತ್ತಿತ್ತು?

ನಾಲಿಗೆಯನ್ನು ಬುಡದವರೆಗೆ ಕೆರೆದೆ, ಕಣ್ಣಲ್ಲಿ ನೀರು ಬರುವ ತನಕ, ದಿನಕ್ಕೆರಡು ಸಲ. ಉಪವಾಸ ಬಿಟ್ಟೆ, ಬ್ಯಾಗಿನಲ್ಲಿ ನೀರಿನ ಬಾಟಲಿ ಇಟ್ಟುಕೊಂಡೆ. ಒಂದು ತಿಂಗಳ ನಂತರ ವಾಸನೆ ಬರುತ್ತದಾ ಎಂದು ಗಂಡನನ್ನು ಕೇಳಿದಾಗ, "ಈಗ ಇಲ್ಲ ಬಿಡು" ಎಂದರು. ಹಾಗಾದರೆ ಮೊದಲು ಇತ್ತಾ ಎಂದದ್ದಕ್ಕೆ ಪೇಪರಿನಲ್ಲಿ ಮುಖ ಮುಚ್ಚಿಕೊಂಡರು.

ವಾಸನೆ ಹೋಗಿದೆ, ನನ್ನ ಜಾಗ ಕೊಡಿ ಎಂದು ಅಧ್ಯಕ್ಷೆಯನ್ನು ಕೇಳಬಹುದಿತ್ತು. ಕೇಳಲಿಲ್ಲ. ಜನ ತನ್ನಿಂದ ಮುಖ ತಿರುಗಿಸುವುದು ಹೇಗಿರುತ್ತದೆಂದು ಅವರಿಗೂ ಗೊತ್ತಾಗಬೇಕಿತ್ತು. ನನಗೆ ಬೇಕಿದ್ದದ್ದು ಅದು.

ನವರಾತ್ರಿಗೆ ಮುಂಚಿನ ಸಭೆಯಲ್ಲಿ ಎದ್ದು ನಿಂತೆ. "ಅಕ್ಕ, ನಾನು ಎತ್ತಿಕೊಡುವಾಗ ನೀರೂ ಕುಡಿಯದೆ ಉಪವಾಸ ಮಾಡ್ತಿದ್ದೆ, ನಿಮಗೆಲ್ಲ ಗೊತ್ತುಂಟು. ಆ ನೇಮ ನಿಂತುಹೋಗುವುದು ಬೇಡ. ಒಂಬತ್ತು ದಿನವೂ ನೀವು ಅದನ್ನು ನಡೆಸಿಕೊಡ್ಬೇಕು," ಎಂದೆ. ಹೆಂಗಸರೆಲ್ಲ ಭಕ್ತಿಯಿಂದ ತಲೆಯಾಡಿಸಿದರು. ಇಷ್ಟು ಜನರ ಮುಂದೆ ಆಗುವುದಿಲ್ಲ ಎನ್ನಲು ಅಧ್ಯಕ್ಷೆಗೆ ಬಾಯಿ ಬರಲಿಲ್ಲ. "ಅದಕ್ಕೆಂತ, ಮಾಡುವ," ಎಂದರು.

ಮೂರನೆಯ ಸಂಜೆಗೇ ಅಧ್ಯಕ್ಷೆಯ ಪಕ್ಕದವಳು ಚಾಪೆಯ ತುದಿಗೆ ಸರಿದಳು. ಆರನೆಯ ಸಂಜೆಗೆ ಅವರ ಎರಡೂ ಬದಿ ಖಾಲಿ. ನಾನು ಗೋಡೆಯ ಹತ್ತಿರ ಕೂತು ನೋಡುತ್ತಿದ್ದೆ. ಅಷ್ಟು ಖುಷಿಯಿಂದ ತಾಳ ತಟ್ಟಿದ್ದು ನನ್ನ ಜೀವಮಾನದಲ್ಲೇ ಇಲ್ಲ.

ಒಂಬತ್ತನೆಯ ದಿನ ಕಲ್ಯಾಣದ ದೊಡ್ಡ ಹಾಲ್‌ನಲ್ಲಿ ಬೇರೆ ಮಂಡಳಿಯವರೂ ಸೇರಿದ್ದರು. ಭಜನೆ ಮುಗಿದು ಆರತಿಗೆ ಮುಂಚೆ ಹೆಂಗಸರಿಗೆಲ್ಲ ಕುಂಕುಮ ಹಚ್ಚುವುದು ಅಧ್ಯಕ್ಷೆಯ ಕೆಲಸ. ಹೂವಿನ ತಟ್ಟೆ ನನ್ನ ಕೈಯಲ್ಲಿತ್ತು. ಸಾಲಿನ ಬಳಿಗೆ ಹೋಗುವ ಮೊದಲು ಅವರು ನನ್ನನ್ನು ಕಂಬದ ಮರೆಗೆ ಕರೆದರು. ಮುಖ ಬಾಡಿತ್ತು.

"ಎಲ್ಲ ನನ್ನಿಂದ ದೂರ ದೂರ ಹೋಗ್ತಾರೆ. ನೀನಾದ್ರೂ ನಿಜ ಹೇಳು, ನನ್ನ ಬಾಯಿಂದ ವಾಸನೆ ಬರ್ತದಾ?"

ಬರುತ್ತಿತ್ತು. ಅಂದು ಡಾಕ್ಟರಮ್ಮನ ಚಮಚದಲ್ಲಿ ಇದ್ದದ್ದೇ. ಕಂಬದ ಪಕ್ಕದ ಮೇಜಿನ ಮೇಲೆ ನೀರಿನ ಲೋಟಗಳಿದ್ದವು. ಬಾಯಿ ಮುಕ್ಕಳಿಸಿ ಬನ್ನಿ ಅಕ್ಕ, ಅಲ್ಲಿಯವರೆಗೆ ನಾನು ಹಚ್ಚುತ್ತೇನೆ ಎಂದರೆ ಸಾಕಿತ್ತು.

"ಇಲ್ಲಕ್ಕ, ಎಂತ ವಾಸನೆಯೂ ಇಲ್ಲ," ಎಂದೆ.

ಅವರು ನನ್ನ ಕೆನ್ನೆ ಸವರಿ, ಉಸಿರು ಬಿಟ್ಟು, ಸಾಲಿನ ಮುಂದೆ ಹೋಗಿ ನಿಂತರು. ಒಬ್ಬೊಬ್ಬರ ಗಲ್ಲ ಹಿಡಿದು, ಮುಖಕ್ಕೆ ಮುಖ ಕೊಟ್ಟು, ಹೆಸರು ಕೇಳುತ್ತ, ಹಬ್ಬದ ಶುಭ ಹೇಳುತ್ತ ಕುಂಕುಮ ಹಚ್ಚತೊಡಗಿದರು. ಮೊದಲನೆಯವಳು ಉಸಿರು ಬಿಗಿಹಿಡಿದಳು. ಎರಡನೆಯವಳು ಕಣ್ಣು ಮುಚ್ಚಿದಳು. ಆರನೆಯವಳೋ ಏಳನೆಯವಳೋ, ನವಿ ಮುಂಬೈ ಕಡೆಯಿಂದ ಬಂದಿದ್ದ ಹೊಸ ಮದುಮಗಳು, ಮುಚ್ಚಿಡಲು ಇನ್ನೂ ಕಲಿತಿರಲಿಲ್ಲ. ಸೆರಗನ್ನು ಮೂಗಿಗೆ ಒತ್ತಿ ಹಿಂದಕ್ಕೆ ಸರಿದಳು.

ಅಧ್ಯಕ್ಷೆಯ ಕೈ ನಿಂತಿತು. ಅವರು ಆ ಹುಡುಗಿಯನ್ನು ನೋಡಲಿಲ್ಲ, ತಿರುಗಿ ನನ್ನನ್ನು ನೋಡಿದರು. ನಾನು ದೃಷ್ಟಿ ತಪ್ಪಿಸಲಿಲ್ಲ. ಅವರ ಹಿಂದೆ ಸಾಲು ಬಾಗಿಲ ತನಕ ಇತ್ತು.

"ಹಚ್ಚಿ ಅಕ್ಕ, ಜನ ಕಾಯ್ತಾ ಇದ್ದಾರೆ," ಎಂದು ನಾನು ತಟ್ಟೆಯನ್ನು ಅವರ ಮುಂದೆ ಹಿಡಿದೆ.