ದಂಡೆಗೆ ತಲುಪದ ‘ಬರಬೇಡಿ’

ಹೋದ ಮಳೆಗಾಲದ ಮಾತು. ನಾನು ದಾಂಡೇಲಿಯಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಅಣೆಕಟ್ಟೆಯಿಂದ ನೀರು ಬಿಡುವ ಸುದ್ದಿ ಬಂದಾಗ ಹೊಳೆದಂಡೆಯ ಮೌಳಂಗಿ ಕಡೆಯ ಮನೆಗಳಿಗೆ ಮೆಸೇಜ್ ಕಳಿಸಲು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೆ. ಮೆಸೇಜ್ ಕಳಿಸುವ ಮುಖ್ಯ ಕೆಲಸವನ್ನು ಮಾತ್ರ ಯಾರೋ ಬರೆದು ಎಲ್ಲರಿಗೂ ಉಚಿತವಾಗಿ ಕೊಟ್ಟಿದ್ದ ಲೈಬ್ರರಿ ಎಂಬ ಸಿದ್ಧ ಕೋಡಿನ ಕಟ್ಟೊಂದು ಮಾಡುತ್ತಿತ್ತು.

ಆ ದಿನ ಎಂದಿಗಿಂತ ಉದ್ದವಾಗಿ, ವಿವರವಾಗಿ ಬರೆದು ಕಳಿಸಿದೆ. ಹತ್ತು ಗಂಟೆ ದಾಟುತ್ತಲೇ ಗಂಗವ್ವನ ಫೋನು. ದಿನಾ ಹೊಳೆಯಲ್ಲಿ ಬಟ್ಟೆ ಒಗೆಯುವವರು.

“ಅಕ್ಕಾರ, ಹತ್ತು ಗಂಟೆಯ ನಂತರ ದಂಡೆಗೆ ಅಂತ ಬರದೀರಿ. ಬಂದೇನಿ. ಮುಂದ ಏನ್ರಿ?”

ನಮಸ್ಕಾರ, ಊರು, ತಾರೀಖುಗಳಾದ ಮೇಲೆ ನಾನು ಬರೆದದ್ದು ‘ಹತ್ತು ಗಂಟೆಯ ನಂತರ ದಂಡೆಗೆ ಬರಬೇಡಿ, ನೀರು ಬಿಡುತ್ತಾರೆ’ ಎಂದು.

“ಬಟ್ಟಿ ಅಲ್ಲೇ ಬಿಡ್ರಿ ಗಂಗವ್ವಾರ, ಮೊದಲ ಮ್ಯಾಲೆ ಬರ್ರಿ. ನೀರು ಬರಾಕತ್ತೈತಿ” ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು.

ಉಳಿದವರಿಗೆಲ್ಲ ಫೋನು ಮಾಡಲು ಗೆಳತಿಗೆ ಹೇಳಿ ಸ್ಕೂಟರ್ ಹತ್ತಿದೆ. ಹೋಗಿ ನೋಡಿದರೆ ಗಂಗವ್ವ ಮೇಲೆ ಮರದ ಬುಡದಲ್ಲಿ ಒದ್ದೆ ಗಂಟನ್ನು ಅಪ್ಪಿಕೊಂಡು ಕುಳಿತಿದ್ದರು. ಕೆಳಗೆ ಅವರು ಬಟ್ಟೆ ಒಗೆಯುವ ಬಂಡೆ ಕಾಣುತ್ತಲೇ ಇರಲಿಲ್ಲ.

“ಒಂದು ಸೀರಿ ಹೋತ್ರಿ. ಹೋಗ್ಲಿ ಬಿಡ್ರಿ” ಎಂದರು.

ಮನೆಗೆ ಬಂದು ಹುಡುಕಿದಾಗ ತಪ್ಪು ಸಿಕ್ಕಿತು. ಕನ್ನಡದ ಮೆಸೇಜು ಉದ್ದವಾದರೆ ತುಂಡುಗಳಾಗಿ ಹೋಗಿ ಫೋನಿನಲ್ಲಿ ಮತ್ತೆ ಕೂಡಿಕೊಳ್ಳಬೇಕು. ಆ ಲೈಬ್ರರಿ ಮೊದಲ ತುಂಡನ್ನಷ್ಟೇ ಕಳಿಸಿ ಸುಮ್ಮನಾಗುತ್ತಿತ್ತು. ನನಗೆ ಬರುವ ಇಂಗ್ಲಿಷಿನಲ್ಲಿ ನಡೆದದ್ದನ್ನೆಲ್ಲ ಬರೆದು, ಲೈಬ್ರರಿ ನೋಡಿಕೊಳ್ಳುವವರಿಗೆ ಕಳಿಸಿದೆ. ಅವರು ದೂರದ ಯಾವುದೋ ದೇಶದ ಹೆಂಗಸು. ಉತ್ತರ ಬರುತ್ತದೆ ಎಂಬ ನಂಬಿಕೆ ನನಗಿರಲಿಲ್ಲ.

ಮರುದಿನವೇ ಬಂತು. “ನಿಮ್ಮ ಲಿಪಿ ಓದಲು ನನಗೆ ಬರುವುದಿಲ್ಲ. ತಲುಪದೆ ಹೋದ ಆ ಪದದ ಅರ್ಥವೇನು?” ಎಂದು ಕೇಳಿದ್ದರು. ಹೇಳಿದೆ. “ಆ ಅಮ್ಮ ಕ್ಷೇಮವೇ?” ಎಂದು ಮತ್ತೆ ಬರೆದರು.

ಕೆಲವು ದಿನಗಳಲ್ಲಿ ಹೊಸ ಆವೃತ್ತಿ ಬಂತು. ಮೆಸೇಜು ಯಾರಿಗೆ ತಲುಪಿಲ್ಲ ಎಂದು ತಿಳಿಸುವ, ಅವರಿಗೆ ತಾನೇ ಮತ್ತೆ ಕಳಿಸುವ ಹೊಸ ಸೌಲಭ್ಯಗಳು ಅದರಲ್ಲಿದ್ದವು. ನಮ್ಮ ತೊಂದರೆಯೂ ಸರಿಹೋಗಿತ್ತು. ಒಳಗೆ ತೆರೆದು ನೋಡಿದಾಗ ಕಣ್ಣು ತುಂಬಿತು. ಲೈಬ್ರರಿಯನ್ನು ಪರೀಕ್ಷಿಸುವ ಕೋಡಿನ ಸಾಲುಗಳ ನಡುವೆ ನನ್ನ ಕನ್ನಡ ಮೆಸೇಜನ್ನು ಇದ್ದಂತೆಯೇ ಇಟ್ಟಿದ್ದರು. ಪ್ರತಿ ಸಲದ ಪರೀಕ್ಷೆಯಲ್ಲಿ ಅದು ಕೊನೆಯಕ್ಷರದವರೆಗೆ ತಲುಪದಿದ್ದರೆ ಮುಂದಿನ ಯಾವ ಆವೃತ್ತಿಯೂ ಹೊರಬರುವುದಿಲ್ಲ.

ಗಂಗವ್ವನಿಗೆ ತೋರಿಸಿ, ಆ ಹೆಂಗಸಿನ ವಿಷಯ ಹೇಳಿದೆ. “ಅವ್ರು ನಮ್ಮ ಹೊಳಿ ನೋಡ್ಯಾರೇನ್ರಿ?” ಎಂದು ಕೇಳಿದರು.

“ಇಲ್ರಿ.”

“ನೋಡದನ ಇಷ್ಟು ಕಾಳಜಿ ಮಾಡ್ಯಾರಲ್ರಿ” ಎಂದು ತುಸು ಹೊತ್ತು ಆ ಅಕ್ಷರಗಳನ್ನೇ ನೋಡುತ್ತ ನಿಂತರು.

ಜಗತ್ತಿನಲ್ಲಿ ಯಾರಿಗೂ ಯಾರೂ ಇಲ್ಲ ಎಂದು ಯಾರಾದರೂ ಹೇಳಿದರೆ ಈಗ ನನಗೆ ಒಪ್ಪಲಾಗುವುದಿಲ್ಲ. ಕನ್ನಡವೇ ಬಾರದ ಒಬ್ಬರು, ಮೌಳಂಗಿಯ ದಂಡೆಯಲ್ಲಿ ಯಾರೂ ನೀರಿಗೆ ಸಿಗದಿರಲೆಂದು ನಮ್ಮ ಒಂದು ಪದವನ್ನು ಕಾಯುತ್ತಿದ್ದಾರೆ.