ಹತ್ತೊಂಬತ್ತನೇ ನಂಬರಿನ ಕವಿತೆ

ಊರಿನಲ್ಲಿ ಆರು ವರ್ಷ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ಕನ್ನಡ ಪಾಠ ಮಾಡಿದ್ದೆ. ಕೆಲಸ ಖಾಯಂ ಆಗುವುದಿಲ್ಲ ಎಂದು ಖಚಿತವಾದ ಮೇಲೆ ಭಾವಮೈದುನನ ಮೂಲಕ ದೋಹಾಕ್ಕೆ ಬಂದೆ. ಮುಶೈರಿಬ್‌ನ ಒಂದು ಕಚೇರಿಯಲ್ಲಿ ಕಟ್ಟಡಗಳ ನಕ್ಷೆಗಳಿಗೆ, ಪತ್ರಗಳಿಗೆ ನಂಬರ್ ಹಾಕಿ ಜೋಡಿಸಿಡುವುದು ನನ್ನ ಕೆಲಸ. ಅಲ್ಲಿ ಯಾರಿಗೂ ನಾನು ಮೇಷ್ಟ್ರಾಗಿದ್ದೆ ಎಂಬುದು ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಹಾಗಾಗಿ ನಮ್ಮ ಕನ್ನಡ ಬಳಗದ ಕಾರ್ಯದರ್ಶಿ ಫೋನ್ ಮಾಡಿ, ನವೆಂಬರ್ ಕಾರ್ಯಕ್ರಮದ ಕವನ ಸ್ಪರ್ಧೆಗೆ ತೀರ್ಪುಗಾರರಾಗಬೇಕು ಎಂದು ಕೇಳಿದಾಗ ನನಗೆ ಆದ ಸಂತೋಷವನ್ನು ಮುಚ್ಚಿಟ್ಟುಕೊಳ್ಳಲು ಕಷ್ಟಪಟ್ಟೆ.

"ಬರೀ ಮಾರ್ಕು ಕೊಟ್ರೆ ಸಾಲದು ಸರ್," ಎಂದರು ಕಾರ್ಯದರ್ಶಿ. ಅವರು ಉಡುಪಿ ಕಡೆಯವರು. "ಪ್ರತಿಯೊಂದರ ಕೆಳಗೆ ಎರಡು ಮಾತು ಬರೀರಿ. ಜನರಿಗೆ ಖುಷಿ ಆಗ್ತದೆ."

ಇಪ್ಪತ್ತಾರು ಕವಿತೆಗಳು ಬಂದಿದ್ದವು. ಹೆಸರು ತೆಗೆದು ನಂಬರ್ ಹಾಕಿದ್ದರು. ಎಲ್ಲದರಲ್ಲೂ ತಾಯ್ನಾಡು, ಕನ್ನಡಾಂಬೆ, ಅಮ್ಮನ ಕೈತುತ್ತು. ಒಂದು ರಜೆಯ ದಿನವಿಡೀ ಕೂತು ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ, ಕಾಗುಣಿತ ತಿದ್ದಿದೆ, ಪ್ರತಿಯೊಂದರ ಕೆಳಗೂ ಐದಾರು ಸಾಲು ಬರೆದೆ. ಕಾರ್ಯದರ್ಶಿ ಕೇಳಿದ್ದು ಎರಡು ಮಾತು. ನಾನು ಇಲ್ಲಿಗೆ ಬಂದ ಮೇಲೆ ಬಾಕಿ ಉಳಿದಿದ್ದ ಪಾಠವನ್ನೆಲ್ಲ ಮಾಡಿದೆ.

ಹತ್ತೊಂಬತ್ತನೇ ನಂಬರಿನದು ಗೆರೆ ಹಾಕಿದ ಹಾಳೆಯಲ್ಲಿ ನೀಲಿ ಬಾಲ್‌ಪೆನ್ನಿನಿಂದ ದುಂಡಗೆ ಬರೆದದ್ದು. ಹೆಸರು 'ಅವಳು ಹೇಳಿದ್ದು'. ಎರಡು ಪುಟ ಇತ್ತು. ಪ್ರಾಸವಿಲ್ಲ, ಉಪಮೆಯಿಲ್ಲ, ಶುರುವೆಲ್ಲಿ ಕೊನೆಯೆಲ್ಲಿ ತಿಳಿಯುವುದಿಲ್ಲ. ಪ್ರತಿ ಸಾಲೂ 'ಇವತ್ತು' ಎಂದೇ ಆರಂಭ. ಇವತ್ತು ಇಂಥ ಪಲ್ಯ, ಇವತ್ತು ಇಂಥವರು ಬಂದಿದ್ದರು, ಇವತ್ತು ಕರೆಂಟಿಲ್ಲ. ವಾಕ್ಯಗಳು ನನ್ನ ಕಿವಿಗೆ ಕನ್ನಡದಂತೆಯೇ ಕೇಳಿಸಲಿಲ್ಲ. ನಾನು ತುಮಕೂರಿನ ಕಡೆಯವನು. ಇದು ತುಳುವಿನಲ್ಲಿ ಯೋಚಿಸಿ ಕನ್ನಡದಲ್ಲಿ ಇಳಿಸಿದ್ದು ಎಂದು ಅನಿಸಿತು. ಕೆಳಗೆ ಬರೆದೆ: 'ಇದು ಕವಿತೆಯಲ್ಲ, ದಿನಸಿ ಪಟ್ಟಿ. ಭಾವವೆಲ್ಲಿದೆ? ಓದುಗನಿಗೆ ಬಸಳೆಯ ಸುದ್ದಿ ಏಕೆ?' ದಿನಸಿ ಪಟ್ಟಿ ಎಂಬ ಮಾತು ನನಗೇ ಬಹಳ ಹಿಡಿಸಿತು. ಇನ್ನೊಬ್ಬ ತೀರ್ಪುಗಾರರು, ಮೂವತ್ತು ವರ್ಷದಿಂದ ಇಲ್ಲಿರುವ ಹಿರಿಯ ಎಂಜಿನಿಯರು, ಅದನ್ನು ಓದಿ ನಕ್ಕರು. ನಾನೂ ನಕ್ಕೆ.

ಕಾರ್ಯಕ್ರಮ ಮುಗಿದು ಎರಡು ವಾರದ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ನಮಸ್ಕಾರ ಸರ್. ನಾನು ಹತ್ತೊಂಬತ್ತನೇ ನಂಬರಿನವ. ಡಿಸ್ಟರ್ಬ್ ಆಯ್ತಾ?"

ಜಗಳಕ್ಕೆ ಬಂದಿದ್ದಾರೆ ಎಂದು ನಾನು ಗಂಟಲು ಸರಿ ಮಾಡಿಕೊಂಡೆ. ಆದರೆ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ತಾನು ಕಾರ್ಮಿಕರನ್ನು ಸೈಟಿಗೆ ಕರೆದೊಯ್ಯುವ ಬಸ್ಸಿನ ಡ್ರೈವರ್, ಕಾರ್ಮಿಕರ ವಸತಿಯಾದ ಬರ್ವಾ ಅಲ್ ಬರಾಹಾದಲ್ಲಿ ಕಂಪನಿಯ ರೂಮು, ಊರು ಕಾರ್ಕಳದ ಹತ್ತಿರ ಎಂದು ಹೇಳಿದರು. "ನೀವು ಬರೆದದ್ದು ಸರಿ ಉಂಟು ಸರ್. ನನಗೆ ಕವಿತೆ ಬರೀಲಿಕ್ಕೆ ಗೊತ್ತಿಲ್ಲ. ಸ್ವಲ್ಪ ಹೇಳಿಕೊಡ್ತೀರಾ? ನನಗೆ ಶುಕ್ರವಾರ ರಜೆ."

ನಜ್ಮಾ ಬಡಾವಣೆಯ ಒಂದು ಕೆಫೆಟೇರಿಯಾದಲ್ಲಿ ಭೇಟಿಯಾದೆವು. ಐವತ್ತರ ಆಸುಪಾಸಿನ ಮನುಷ್ಯ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಮಡಿಚಿದ ಆ ಎರಡು ಪುಟ. ಸ್ಪರ್ಧೆಗೆಂದು ನಕಲು ಮಾಡಿ ಕಳಿಸಿದ್ದ, ನನ್ನ ಕೆಂಪು ಗೆರೆಗಳಿದ್ದ ಪ್ರತಿಯಲ್ಲ, ಅವರು ಮೊದಲು ಬರೆದ ಹಾಳೆಗಳು. ಇಬ್ಬರಿಗೂ ಏಲಕ್ಕಿ ಹಾಕಿ ಗಟ್ಟಿಯಾಗಿ ಕುದಿಸಿದ ಕರಕ್ ಚಹಾ ಬಂತು.

"ಇದು ಯಾರ ಬಗ್ಗೆ?" ಎಂದೆ.

"ಹೆಂಡತಿ ಸರ್."

"ಊರಲ್ಲಿದ್ದಾರಾ?"

"ಇಲ್ಲ. ಹೋಗಿ ಒಂದೂವರೆ ವರ್ಷ ಆಯ್ತು. ಕಾಮಾಲೆ. ನಾನು ಮುಟ್ಟುವಾಗ ಎಲ್ಲ ಮುಗಿದಿತ್ತು."

ದಿನಸಿ ಪಟ್ಟಿ ಎಂದು ಬರೆದದ್ದು ನೆನಪಾಯಿತು. ಕ್ಷಮಿಸಿ ಎನ್ನಬೇಕಿತ್ತು. ಬದಲಿಗೆ ನನ್ನೊಳಗಿನ ಮೇಷ್ಟ್ರು ಮಾತಾಡಿದ. "ನೋಡಿ, ಅವರು ಇಲ್ಲ ಅನ್ನೋ ವಿಷಯ ಕವಿತೆಯಲ್ಲಿ ಎಲ್ಲೂ ಇಲ್ಲವಲ್ಲ? ಓದೋನಿಗೆ ಹೇಗೆ ಗೊತ್ತಾಗಬೇಕು?"

ಅವರು ತಲೆಯಾಡಿಸಿದರು. "ಹೌದಲ್ಲ ಸರ್. ಅದು ನನಗೆ ಹೊಳೀಲೇ ಇಲ್ಲ."

ಆ ಚಳಿಗಾಲದಲ್ಲಿ ಹತ್ತು ಹನ್ನೆರಡು ಶುಕ್ರವಾರ ಕೂತಿರಬಹುದು. ಅವರು ಬಸ್ ಹಿಡಿದು ನಜ್ಮಾಕ್ಕೆ ಬರುತ್ತಿದ್ದರು. ಹೇಳಿದ್ದನ್ನೆಲ್ಲ ಕೇಳುವ, ಕೇಳಿದ್ದನ್ನು ಮಾಡಿಕೊಂಡು ಬರುವ ಅಂಥ ವಿದ್ಯಾರ್ಥಿ ನನಗೆ ಕಾಲೇಜಿನಲ್ಲಿ ಸಿಕ್ಕಿರಲಿಲ್ಲ. ಬಸಳೆ ಬೇಡ ಎಂದೆ, ತೆಗೆದರು. ಪಕ್ಕದ ಮನೆಯವರ ಕೋಳಿ ಬೇಡ ಎಂದೆ, ತೆಗೆದರು. ಉಪಮೆ ಬೇಕು ಎಂದೆ. ನೀವಿರುವುದು ಮರಳುಗಾಡಿನಲ್ಲಿ, ಅದನ್ನು ತನ್ನಿ, ಆರಿದ ಒಲೆಯಂತೆ ಈ ಮರಳು ಎನ್ನಿ, ಎರಡೂ ಊರಿನ ನಡುವಿನ ಕಡಲು ತನ್ನಿ ಎಂದೆ.

"ಅವಳು ಮರಳುಗಾಡು ನೋಡೇ ಇಲ್ಲ ಸರ್," ಎಂದರು ಒಮ್ಮೆ.

"ನಡೆದದ್ದೇ ಬರೀಬೇಕು ಅಂತಿಲ್ಲ. ಕವಿತೆ ವರದಿ ಅಲ್ಲ."

"ಆಯ್ತು ಸರ್."

ಹೊಸ ಸಾಲುಗಳ ನಡುವೆ ಹಳೆಯ 'ಇವತ್ತು' ಮತ್ತೆ ಮತ್ತೆ ನುಸುಳುತ್ತಿತ್ತು. ಒಂದು ಶುಕ್ರವಾರ ಬೇಸತ್ತು ಹೇಳಿದೆ: "ಹಳೆಯ ಹಾಳೆ ಕಣ್ಣೆದುರಿಗಿದ್ದರೆ ಹೊಸದು ಹುಟ್ಟುವುದಿಲ್ಲ. ಹರಿದು ಹಾಕಿ. ಬರೆಯುವವರೆಲ್ಲ ಹಾಗೇ ಮಾಡುವುದು." ನಾನು ಬರೆಯುವವನಲ್ಲ, ಎಂದೂ ಯಾವ ಹಾಳೆಯನ್ನೂ ಹರಿದವನಲ್ಲ. ಯಾವುದೋ ತರಗತಿಯಲ್ಲಿ ಯಾರೋ ನನಗೆ ಹೇಳಿದ ಮಾತು ಅದು. ಮುಂದಿನ ವಾರ ಅವರು ಬಂದಾಗ ಜೇಬಿನಲ್ಲಿ ಹೊಸ ಹಾಳೆ ಮಾತ್ರ ಇತ್ತು. ಕವಿತೆ ಚೆನ್ನಾಗಿ ಸಾಗಿತ್ತು. ನನಗೆ ಹೆಮ್ಮೆಯಾಯಿತು.

ಮರುವರ್ಷದ ಸ್ಪರ್ಧೆಗೆ ಅವರು ಅದನ್ನೇ ಕಳಿಸಿದರು. ಹೆಸರು ತೆಗೆದಿದ್ದರೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂಕ ಹಾಕಿದೆ. ನಾನು ಕೈಯಾಡಿಸಿದ ಕವಿತೆಗೆ ನಾನೇ ಅಂಕ ಹಾಕಬಾರದೆಂದು ಹಿಂದೆ ಸರಿಯಲಿಲ್ಲ. ಹಿರಿಯ ಎಂಜಿನಿಯರಿಗೆ ಇದೇನೂ ತಿಳಿಯದು. ಅವರೂ ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಕೊಟ್ಟಿದ್ದರು. ಮೊದಲ ಬಹುಮಾನ ಬಂತು.

ಶಾಲೆಯೊಂದರ ಸಭಾಂಗಣದಲ್ಲಿ ಕಾರ್ಯಕ್ರಮ. ಅವರು ಹೊಸ ಅಂಗಿ ತೊಟ್ಟು ವೇದಿಕೆ ಹತ್ತಿ, ಮೈಕಿಗೆ ತೀರಾ ಹತ್ತಿರ ನಿಂತು ಓದಿದರು. ಯಾವ ಏರಿಳಿತವೂ ಇಲ್ಲದೆ, ಬಸ್ಸು ನಿಲ್ಲುವ ಊರುಗಳ ಹೆಸರು ಹೇಳಿದ ಹಾಗೆ. ಆದರೂ ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಊಟದ ಹೊತ್ತಿಗೆ ಅವರನ್ನು ಹುಡುಕಿದೆ. ಹಿಂದಿನ ಬಾಗಿಲಿನ ಹೊರಗೆ, ವಾಹನ ನಿಲ್ಲಿಸುವ ಜಾಗದ ನೆರಳಿನಲ್ಲಿ ಒಬ್ಬರೇ ನಿಂತಿದ್ದರು.

"ಎಲ್ಲರೂ ಹೊಗಳುತ್ತಿದ್ದಾರೆ. ನೀವೇಕೆ ಇಲ್ಲಿ?" ಎಂದೆ.

"ಚಂದ ಉಂಟು ಸರ್ ಕವಿತೆ. ನಿಮ್ಮಿಂದ ಆದದ್ದು." ಆಮೇಲೆ, "ಓದುವಾಗ ನೋಡಿದೆ, ಅದರಲ್ಲಿ ಅವಳೇ ಇಲ್ಲ. ಅವಳ ಬಾಯಲ್ಲಿ ಬರುವ ಮಾತು ಒಂದೂ ಇಲ್ಲ," ಎಂದರು. ಮತ್ತೆ ಮೆಲ್ಲಗೆ ಕೇಳಿದರು: "ಹಳೆಯದು ನಿಮ್ಮ ಹತ್ತಿರ ಉಂಟಾ ಸರ್?"

"ನಿಮ್ಮ ಹತ್ತಿರ ಇಲ್ವಾ?"

"ಹರಿದೆನಲ್ಲ. ನೀವು ಹೇಳಿದ್ದಕ್ಕೆ."

ಆಗ ಅವರು ಹೇಳಿದ್ದನ್ನು ನಾನು ಒಂದು ವರ್ಷ ಮೊದಲೇ ಕೇಳಿ ತಿಳಿದುಕೊಳ್ಳಬೇಕಿತ್ತು. ಹೆಂಡತಿ ದಿನಾ ಮಧ್ಯಾಹ್ನ ಊಟ ಮುಗಿಸಿ ವಾಟ್ಸ್ಆ್ಯಪ್‌ನಲ್ಲಿ ಒಂದು ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದಳಂತೆ. ತುಳುವಿನಲ್ಲಿ, ಅರ್ಧ ನಿಮಿಷ. ಇವತ್ತು ಇಂಥದ್ದು ಮಾಡಿದೆ, ಇವತ್ತು ಇಂಥದ್ದಾಯಿತು. ಅವಳು ಹೋದ ಮೇಲೆ ಬಸ್ಸಿನಲ್ಲಿ ಕಾಯುವ ಹೊತ್ತಿನಲ್ಲೆಲ್ಲ ಅದನ್ನು ಕೇಳುತ್ತ ಕೂರುತ್ತಿದ್ದರು. ಒಂದು ದಿನ ಫೋನ್ ಬಸ್ಸಿನ ಚಕ್ರದಡಿ ಬಿತ್ತು. ರಿಪೇರಿಯವರು ಖಲಾಸ್ ಎಂದು ಕೈ ಚೆಲ್ಲಿದರು. ಬ್ಯಾಕಪ್ ಇರಲಿಲ್ಲ, ಊರಲ್ಲಿದ್ದ ಅವಳ ಫೋನನ್ನು ಮೊದಲೇ ಎಲ್ಲ ಅಳಿಸಿ ಬೇರೆಯವರಿಗೆ ಕೊಟ್ಟಾಗಿತ್ತು, ಏನೂ ಉಳಿಯಲಿಲ್ಲ.

"ಮರೆತು ಹೋಗುವ ಮೊದಲು ಬರೆದಿಡುವ ಅಂತ ಬರೆದದ್ದು ಸರ್ ಅದು. ತುಳು ಬರೀಲಿಕ್ಕೆ ಸರಿ ಆಗಲಿಲ್ಲ, ಕನ್ನಡದಲ್ಲಿ ಬರೆದೆ. ಸ್ಪರ್ಧೆಗೆ ಅಂತ ಅಲ್ಲ. ರೂಮಿನವರೊಬ್ಬರು ಓದಿ, ಇದನ್ನು ಕಳಿಸು, ಕವಿತೆ ಹಾಗೆ ಉಂಟು ಅಂದರು."

"ಅಂಥದ್ದನ್ನು ಹರಿಯೋದಾ?" ಎಂದುಬಿಟ್ಟೆ. ಹೇಳಿದವನು ನಾನೇ.

"ಆಗ ಬಾಯಿಪಾಠ ಇತ್ತು ಸರ್. ಹಾಳೆ ಇಲ್ಲದಿದ್ದರೂ ಆಗ್ತದೆ ಅಂತ ಇದ್ದೆ. ಹೊಸದನ್ನು ಬರೆದು ಬರೆದು, ಅದೇ ಬಾಯಿಗೆ ಬಂತು. ಹಳೆಯದು ಹೋಯ್ತು."

ಮರುದಿನವೇ ಕಾರ್ಯದರ್ಶಿಗೆ ಫೋನ್ ಮಾಡಿದೆ. ಹಿಂದಿನ ವರ್ಷದ ಕವಿತೆಗಳ ಜೆರಾಕ್ಸ್ ಪ್ರತಿಗಳೆಲ್ಲ ಅವರ ಕಾರಿನ ಡಿಕ್ಕಿಯಲ್ಲಿ ಬಹಳ ದಿನ ಇದ್ದವಂತೆ, ಆಮೇಲೆ ಕಾರು ಮಾರುವಾಗ ಕಸಕ್ಕೆ ಹೋದವಂತೆ. ಕಾರ್ಯಕ್ರಮದ ದಿನ ಮರಳಿ ಕೊಟ್ಟಿದ್ದ ಕೆಂಪು ಗೆರೆಯ ಪ್ರತಿಯನ್ನು ಡ್ರೈವರ್ ಇಟ್ಟುಕೊಂಡಿರಲಿಲ್ಲ. ಏಕೆಂದು ನಾನು ಕೇಳಲಿಲ್ಲ. ಮನೆಯ ಲ್ಯಾಪ್‌ಟಾಪಿನಲ್ಲಿ, ಹಳೆಯ ಕಾಗದಗಳ ಚೀಲದಲ್ಲಿ ಹುಡುಕಿದೆ. ಕಚೇರಿಯಲ್ಲಿ ಬೇರೆಯವರ ಒಂದು ಹಾಳೆ ಕಳೆದರೂ ಐದು ನಿಮಿಷದಲ್ಲಿ ಹುಡುಕಿಕೊಡುವವನು ನಾನು. ಸಿಕ್ಕಿದ್ದು ಅಂಕಪಟ್ಟಿ ಮಾತ್ರ. ಹತ್ತೊಂಬತ್ತರ ಎದುರು, ತಪ್ಪಿಗೆ ಉದಾಹರಣೆ ಎಂದು ಎರಡು ಸಾಲು ಬರೆದುಕೊಂಡಿದ್ದೆ. 'ಇವತ್ತು ಬಸಳೆ, ಹುಳಿ ಹೆಚ್ಚಾಯಿತು, ಬೈಯಲಿಕ್ಕೆ ಜನ ಇಲ್ಲ.' 'ಇವತ್ತು ಗೊತ್ತಾಯಿತು, ಕೋಳಿ ಮೊಟ್ಟೆ ಇಡುವುದು ಎಲ್ಲಿ ಅಂತ.'

ಆ ಎರಡು ಸಾಲನ್ನು ಎಷ್ಟು ಸಲ ಓದಿದೆನೋ. ಬೈಯಲಿಕ್ಕೆ ಜನ ಇಲ್ಲ ಎಂಬುದರಲ್ಲಿ ಭಾವವೆಲ್ಲಿದೆ ಎಂದು ಕೇಳಿದ್ದವನು ನಾನು.

ಶುಕ್ರವಾರ ನಾನೇ ಬರ್ವಾ ಅಲ್ ಬರಾಹಾಕ್ಕೆ ಹೋದೆ. ಅಲ್ಲಿಯ ಅಂಗಡಿಗಳ ಸಾಲಿನ ಹತ್ತಿರ ಅವರು ಕಾಯುತ್ತಿದ್ದರು. ಸುತ್ತ ಒಂದೇ ತರಹದ ಕಟ್ಟಡಗಳು, ರಜೆಯ ದಿನ ಬಟ್ಟೆ ಒಗೆದು ಹರವಿದವರು, ಊರಿಗೆ ಫೋನ್ ಮಾಡುತ್ತ ಓಡಾಡುವವರು. ಎರಡು ಸಾಲು ಬರೆದ ಚೀಟಿ ಕೊಟ್ಟೆ. ಅವರು ಓದಿದರು. ತುಟಿ ತುಳುವಿನಲ್ಲಿ ಅಲುಗಾಡಿತು.

"ಇದು ಹೌದು," ಎಂದರು. "ಕೋಳಿಯದ್ದು ಹೌದು. ನಮ್ಮ ಸೌದೆ ಕೊಟ್ಟಿಗೆಯ ಹಿಂದೆ ಇಡ್ತಿತ್ತು." ಅಷ್ಟು ದಿನದಲ್ಲಿ ಅವರ ಮುಖದಲ್ಲಿ ಮೊದಲ ಬಾರಿಗೆ ನಗುವಿನಂಥದ್ದು ಕಂಡೆ.

ಅದನ್ನು ನೋಡಿ ನನಗೆ ಆಸೆಯಾಯಿತು. ಇನ್ನೊಂದು ಕೊಡಬೇಕೆನಿಸಿತು. ಇಡೀ ವಾರ ಕಣ್ಣುಮುಚ್ಚಿ ಆ ನೀಲಿ ಅಕ್ಷರಗಳನ್ನು ನೆನಪಿಗೆ ತಂದುಕೊಳ್ಳಲು ನೋಡಿದ್ದೆ, ಒಂದು ಸಾಲು ಬಂದಿತ್ತು. "ಇನ್ನೊಂದು ನೆನಪಿದೆ," ಎಂದೆ. "ಇವತ್ತು ಮಳೆ ಇಲ್ಲ, ನಿಮ್ಮ ಫೋನೂ ಇಲ್ಲ. ಇತ್ತಲ್ಲ?"

ಅವರು ಬಹಳ ಹೊತ್ತು ಯೋಚಿಸಿದರು. ನನಗೆ ಬೇಸರವಾಗದ ಹಾಗೆ ಹೇಳುವುದು ಹೇಗೆಂದು ಹುಡುಕುತ್ತಿದ್ದರು ಅಂತ ಈಗ ಅನಿಸುತ್ತದೆ.

"ಇಲ್ಲ ಸರ್. ಫೋನ್ ಮಾಡ್ಲಿಲ್ಲ ಅಂತ ಅವಳು ಒಂದು ದಿನವೂ ಹೇಳಿದವಳಲ್ಲ. ಅದು ನಿಮ್ಮದು."

ಚೀಟಿಯನ್ನು ಮಡಿಚಿ ಅವರು ಡ್ರೈವಿಂಗ್ ಲೈಸೆನ್ಸಿನ ಹಿಂದೆ ಇಟ್ಟುಕೊಂಡರು. ಚಹಾ ಕುಡಿಯುವ ಎಂದರು, ಕುಡಿದೆವು. ಮದುವೆಯಾಗಿ ಹೋದ ಮಗಳೊಬ್ಬಳಿದ್ದಾಳೆಂದು ಹಿಂದೆ ಹೇಳಿದ್ದರು, ಅವಳಿಗೆ ಏನಾದರೂ ನೆನಪಿರಬಹುದೇ ಎಂದು ಕೇಳಿದೆ. "ಅವಳಿಗೆ ಕಳಿಸುತ್ತಿದ್ದದ್ದು ಬೇರೆ ಸರ್. ಇದು ನನಗೆ ಮಾತ್ರ," ಎಂದರು. ಅವರು ಒಮ್ಮೆಯೂ ನನ್ನ ಮೇಲೆ ತಪ್ಪು ಹೊರಿಸಲಿಲ್ಲ. ಹೊರಿಸಿದ್ದರೆ ನಾನು ವಾದ ಮಾಡುತ್ತಿದ್ದೆ, ಹರಿದದ್ದು ನೀವೇ ಅಲ್ಲವೇ ಎಂದು ಕೇಳುತ್ತಿದ್ದೆ. ಅದಕ್ಕೂ ಅವಕಾಶ ಸಿಗಲಿಲ್ಲ.

ಮುಂದಿನ ವರ್ಷ ತೀರ್ಪುಗಾರಿಕೆ ಬೇಡ ಎಂದೆ. ಕಾರ್ಯದರ್ಶಿಗೆ ಬೇರೆ ಯಾರೂ ಸಿಗಲಿಲ್ಲ, ಒಪ್ಪಿದೆ. ಅಂಕ ಮಾತ್ರ ಹಾಕಿ ಕೊಟ್ಟೆ, ಕೆಳಗೆ ಏನೂ ಬರೆಯಲಿಲ್ಲ. ಸ್ಪರ್ಧಿಸಿದ್ದ ನರ್ಸ್ ಒಬ್ಬರು ಎದುರಿಗೇ ಬಂದು ಕೇಳಿದರು: "ಇಷ್ಟು ಕಷ್ಟಪಟ್ಟು ಬರೆದಿದ್ದೇವೆ, ಒಂದು ಮಾತು ಬರೀಬಾರದಿತ್ತಾ?" ಅವರು ಹೇಳಿದ್ದೂ ಸರಿಯೇ. ಅವರ ಕವಿತೆ ಯಾವುದು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಮಾತಾಡಬೇಕಾಗುತ್ತಿತ್ತು.

ಡ್ರೈವರ್ ಆಮೇಲೆ ಏನೂ ಬರೆಯಲಿಲ್ಲ. ಹಬ್ಬಕ್ಕೆ ಮೆಸೇಜ್ ಮಾಡುತ್ತಿದ್ದರು, ನಾನು ಉತ್ತರಿಸುತ್ತಿದ್ದೆ. ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕಚೇರಿಯಲ್ಲಿದ್ದಾಗ ಫೋನ್ ಮಾಡಿದರು. ಕೆಲಸ ಮುಗಿಸಿ ಊರಿಗೆ ಹೊರಟಿದ್ದೇನೆ, ಇನ್ನು ಬರುವುದಿಲ್ಲ ಎಂದರು.

"ಬೇಜಾರು ಮಾಡ್ಕೊಳ್ಬೇಡಿ ಸರ್. ನೀವು ಹೇಳಿಕೊಟ್ಟದ್ದು ತಪ್ಪಲ್ಲ. ನಾನು ಕಲೀಲಿಕ್ಕೆ ಬಂದದ್ದೇ ಸುಮ್ಮನೆ."

ಫ್ಲೈಟ್ ಎಷ್ಟು ಗಂಟೆಗೆ ಎಂದು ಕೇಳಿದೆ. ಹೇಳಿದರು. ಹುಷಾರಾಗಿ ಹೋಗಿ ಎಂದೆ. ಈಗ ಅವರ ಇಲ್ಲಿಯ ನಂಬರ್ ಚಾಲ್ತಿಯಲ್ಲಿಲ್ಲ. ಊರಿನ ನಂಬರ್ ನಾನು ಕೇಳಿರಲಿಲ್ಲ.